ಲಕ್ಷ್ಮಿಯಾಗಿ ಕೂತಿದ್ದ ಮಲಗುವ ಚೀಲ

ನಿಮ್ಮ ಮನೆಯ ಅಟ್ಟದ ಮೇಲೆ ಏನೇನಿದೆ ಎಂದು ನಾನು ಕೇಳುವುದಿಲ್ಲ, ನೀವೂ ನನ್ನನ್ನು ಕೇಳಬೇಡಿ. ಹಿಡಿ ಮುರಿದ ಬಾಣಲೆ, ಮಗಳು ಸಣ್ಣವಳಿದ್ದಾಗ ಆಡಿದ ಮರದ ಕುದುರೆ, ಯಾರದೋ ಮದುವೆಯಲ್ಲಿ ಬಂದು ಇನ್ನೂ ಬಣ್ಣದ ಕಾಗದ ಬಿಚ್ಚದ ಡಬ್ಬ, ಇವೆಲ್ಲ ಎಲ್ಲರ ಅಟ್ಟದಲ್ಲೂ ಇರುವುದೇ. ಆದರೆ ನಮ್ಮ ಅಟ್ಟದಿಂದ ಇಳಿದು ಬಂದು ಈಗ ದೇವರ ಮನೆಯ ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿರುವ ಒಂದು ವಸ್ತುವಿನ ವಿಷಯ ಹೇಳದೆ ಇರಲಾರೆ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಅದನ್ನು ನೋಡಿ, "ಇದೇನ್ರೀ, ಇಷ್ಟು ದೊಡ್ಡ ದಿಂಬನ್ನ ಗೂಟಕ್ಕೆ ಹಾಕಿದ್ದೀರಾ?" ಎನ್ನುತ್ತಾರೆ. ದಿಂಬಲ್ಲ, ಅದು ಸ್ಲೀಪಿಂಗ್ ಬ್ಯಾಗು. ಬೆಟ್ಟ ಗುಡ್ಡದ ಮೇಲೆ ಮಲಗುವವರು ಅದರೊಳಗೆ ತೂರಿಕೊಂಡು ಕತ್ತಿನವರೆಗೆ ಜಿಪ್ಪು ಎಳೆದುಕೊಳ್ಳುತ್ತಾರಲ್ಲ, ಅದು. ನಮ್ಮ ಮನೆಯಲ್ಲಿ ಅದರ ಹೆಸರು ಬರೀ ಚೀಲ.

ಚೀಲ ತಂದವಳು ಮಗಳು ಚೈತ್ರ. ಪಾವಗಡದ ಶಾಲೆಯೊಂದರಲ್ಲಿ ಆಟದ ಮೇಡಂ ಆಗಿದ್ದಾಳೆ. ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತಿಸುತ್ತಾಳೆ, ಡೇರೆ ಹಾಕಿ ಮಲಗಿಸುತ್ತಾಳೆ. ಮಧುಗಿರಿಯಲ್ಲಿ ಹುಟ್ಟಿದವಳಿಗೆ ಬೆಟ್ಟದ ಹುಚ್ಚು ಹಿಡಿಯದೆ ಇನ್ನೇನು ಹಿಡಿಯಬೇಕು? ಅಡುಗೆಮನೆ ಕಿಟಕಿ ತೆಗೆದರೆ ಅಷ್ಟೆತ್ತರದ ಒಂದೇ ಕಲ್ಲು ಎದುರಿಗೆ ಕೂತಿರುತ್ತದೆ. ನಾನು ಮದುವೆಯಾಗಿ ಬಂದಾಗಿನಿಂದ ಅದನ್ನೇ ನೋಡುತ್ತಾ ಸಾರು ಕುದಿಸಿದ್ದೇನೆಯೇ ಹೊರತು ಅರ್ಧ ದಾರಿಗಿಂತ ಮೇಲೆ ಹತ್ತಿಲ್ಲ. ಅರ್ಧ ಹತ್ತಿಸಿದ್ದೂ ಶಿವನ ದಯೆಯೇ.

ಅವಳು ಇನ್ನೂ ಹಗುರದ್ದೊಂದು ಹೊಸ ಚೀಲ ಕೊಂಡಳು, ಹಳೆಯದನ್ನು ಇಲ್ಲಿ ತಂದಿಟ್ಟಳು. ಇಡುವಾಗ ಬಾಣಂತಿಗೆ ಪಥ್ಯ ಹೇಳುವವರ ಹಾಗೆ ಹೇಳಿದಳು: "ಅಮ್ಮ, ಇದನ್ನ ಮಡಿಸ್ಬೇಡ. ಈ ಸಣ್ಣ ಚೀಲಕ್ಕೆ ತುರುಕೋದು ಊರಿಗೆ ಹೋಗೋವಾಗ ಮಾತ್ರ. ಮನೇಲಿರೋವಾಗ ಯಾವುದಾದ್ರೂ ದೊಡ್ಡ ಬಟ್ಟೆ ಚೀಲದಲ್ಲಿ ಸಡಿಲವಾಗಿ ಬಿಟ್ಬಿಡು. ಒತ್ತಿ ಇಟ್ರೆ ಹಾಳಾಗತ್ತೆ."

ಹೂಂ ಅಂದೆ. ಆದರೆ ಮಡಿಸದೆ ಇಡುವುದು ಎಂದರೇನು? ನಾನು ಕೈ ಒರೆಸುವ ಬಟ್ಟೆಯನ್ನೂ ಮೂಲೆಗೆ ಮೂಲೆ ಕೂಡಿಸಿ ಇಡುವವಳು. ಅವಳು ಬಸ್ಸು ಹತ್ತಿದ ಮೇಲೆ ಚೀಲವನ್ನು ಹಾಸಿ, ಇಳಕಲ್ ಸೀರೆಯ ಹಾಗೆ ನೀಟಾಗಿ ಮಡಿಸಿದೆ. ಎಣ್ಣೆ ಹಚ್ಚಿದ ಕೂಸಿನ ಹಾಗೆ ಜಾರಿತು. ಆ ಕಡೆ ಹಿಡಿದರೆ ಈ ಕಡೆ ಉಬ್ಬಿತು. ಕೊನೆಗೆ ಕಾಲ ಕಡೆಯಿಂದ ಹಿಡಿಹಿಡಿಯಾಗಿ ಸಣ್ಣ ಚೀಲಕ್ಕೆ ತುರುಕಿ, ಮೇಲೆ ಮಂಡಿಯೂರಿ ಕೂತು, ಬಾಯಿ ದಾರ ಬಿಗಿದೆ. ಒರಳುಗುಂಡಿನ ಹಾಗೆ ಗಟ್ಟಿಯಾಯಿತು. ಆಗ ನನಗಾದ ತೃಪ್ತಿ ಹೇಳತೀರದು.

ಇದರಲ್ಲಿ ನನ್ನ ತಪ್ಪಿಗಿಂತ ಹುಣಸೆಹಣ್ಣಿನ ತಪ್ಪು ಹೆಚ್ಚು. ನನ್ನ ತವರು ಕೊರಟಗೆರೆ ಕಡೆಯ ಕೊಳಾಲ. ಬೇಸಿಗೆ ಬಂದರೆ ಹಜಾರದ ತುಂಬ ಹುಣಸೆಹಣ್ಣು. ಕುಟ್ಟಿ, ಬೀಜ ನಾರು ತೆಗೆದು, ಕಲ್ಲುಪ್ಪು ಹಾಕಿ ಮಡಕೆಗೆ ತುಂಬುವ ದಿನ ನಮ್ಮಮ್ಮ ನನ್ನನ್ನು ಕರೆಯುತ್ತಿದ್ದಳು. "ಬಾರೇ ಇಲ್ಲಿ, ನಿನ್ನ ಮುಷ್ಟಿ ಗಟ್ಟಿ. ಗಾಳಿ ಆಡದಂಗೆ ಅದುಮು. ಸಂದಿ ಬುಟ್ರೆ ಹುಳ ಬೀಳ್ತದೆ." ಅದುಮಿ ಅದುಮಿ ಬೆರಳ ಸಂದಿಯೆಲ್ಲ ಉರಿಯುತ್ತಿತ್ತು, ನೆಕ್ಕಿದರೆ ಬಾಯಿ ನೀರಾಗುತ್ತಿತ್ತು. ಮುಂದೆ ಕೈಹಿಡಿದವರೂ ಹುಣಸೆಹಣ್ಣಿನ ಮಂಡಿ ಇಟ್ಟವರೇ. ಮಂಡಿಯಲ್ಲಿ ಆಳುಗಳು ಮೂಟೆಯೊಳಗೆ ಇಳಿದು ತುಳಿದು ತುಂಬುತ್ತಾರೆ. ಹೀಗೆ ಎರಡೂ ಮನೆಯಲ್ಲಿ ಒತ್ತಿದ್ದೇ ಬಾಳುತ್ತದೆ ಎಂದು ನಂಬಿ ಬೆಳೆದವಳಿಗೆ, ಸಡಿಲ ಬಿಟ್ಟರೆ ಮಾತ್ರ ಬಾಳುವ ವಸ್ತುವೂ ಲೋಕದಲ್ಲಿದೆ ಎಂದರೆ ಹೇಗೆ ನಂಬಿಕೆ ಬರಬೇಕು? ಚೀಲ ಅಟ್ಟ ಹತ್ತಿತು. ಅದರ ಮೇಲೆ ಹಳೆಯ ಹಂಡೆ ಹತ್ತಿತು.

ಈಗ ಅತ್ತೆಯ ವಿಷಯ ಹೇಳಬೇಕು. ಯಾಕೆಂದರೆ ಈ ಕತೆ ಚೀಲದ್ದಕ್ಕಿಂತ ಅವರದ್ದು.

ನಮ್ಮ ಮನೆದೇವರು ಗುಡ್ಡದ ಮಲ್ಲಯ್ಯ. ಪಾವಗಡದ ದಾರಿಯಲ್ಲಿ ಒಳಗೆ ಹೋದರೆ ಬೋಳು ಗುಡ್ಡ, ಅದರ ಬುಡದಲ್ಲಿ ಕಲ್ಲಿನ ಗುಡಿ, ಗುಡಿಯ ಮುಂದೆ ಮೂರು ಕಡೆ ತೆರೆದ ಮಂಟಪ. ಕಾರ್ತಿಕದ ಅಮಾವಾಸ್ಯೆಗೆ ಒಕ್ಕಲಿನವರು ಸಂಜೆಯೇ ಹೋಗಿ, ಆ ಮಂಟಪದಲ್ಲಿ ಮಲಗಿ, ಬೆಳಗಿನ ಅಭಿಷೇಕ ಕಣ್ತುಂಬ ನೋಡಿ ಬರುವುದು ಪದ್ಧತಿ. ಕ್ಯಾಂಪಿಂಗ್ ಎಂದು ಈಗಿನವರು ಹೊಸದಾಗಿ ಹೇಳುತ್ತಾರೆ. ನಮ್ಮ ಮಲ್ಲಯ್ಯ ಅದನ್ನು ಎಂದಿನಿಂದಲೋ ಮಾಡಿಸುತ್ತಿದ್ದಾನೆ. ಅತ್ತೆ ಸೊಸೆಯಾಗಿ ಬಂದಾಗಿನಿಂದ ಒಂದು ಕಾರ್ತಿಕವನ್ನೂ ತಪ್ಪಿಸಿರಲಿಲ್ಲ. ಒಂದು ವರ್ಷ ಅಲ್ಲಿಯ ಕಲ್ಲಿನ ಥಂಡಿ ಎದೆಗೆ ಕಟ್ಟಿ, ಊರಿಗೆ ಬಂದವರನ್ನು ನೇರವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬದುಕಿ ಬಂದರು, ಅದು ಮಲ್ಲಯ್ಯ ಕೊಟ್ಟ ಭಿಕ್ಷೆ. ಆದರೆ ನಮ್ಮ ಯಜಮಾನರು ಅಂದಿನಿಂದ ಒಂದೇ ಮಾತು: "ಬೆಳಿಗ್ಗೆ ಕಾರಲ್ಲಿ ಕರ್ಕೊಂಡ್ ಹೋಗಿ ಕೈ ಮುಗಿಸ್ಕೊಂಡು ಬತ್ತೀನಿ. ಮಲಗೋದು ಮಾತ್ರ ಬ್ಯಾಡ ಕಣವ್ವ."

ಅತ್ತೆ ವಾದ ಮಾಡುವವರಲ್ಲ. ಅಮಾವಾಸ್ಯೆಯ ಸಂಜೆ ಮಂಚ ಬಿಟ್ಟು, ನಡುಮನೆಯಲ್ಲಿ ಚಾಪೆ ಹಾಸಿ, ಮುಖ ಗುಡ್ಡದ ದಿಕ್ಕಿಗೆ ಮಾಡಿ ಮಲಗುತ್ತಿದ್ದರು. "ಯಾಕತ್ತೆ ಕೆಳಗೆ?" ಎಂದರೆ, "ಮಂಚ ಯಾಕೋ ಕಿರ್ ಅನ್ನುತ್ತೆ ಕಣಮ್ಮ" ಎನ್ನುವರು. ಆ ಮಂಚ ಬೇರೆ ಯಾವ ದಿನವೂ ಕಿರ್ ಎಂದಿದ್ದಿಲ್ಲ.

ಇನ್ನು ಲಕ್ಷ್ಮಿಯ ವಿಷಯ. ಹೋದ ಶ್ರಾವಣ, ವರಮಹಾಲಕ್ಷ್ಮಿ ಹಬ್ಬ. ಕಳಸಕ್ಕೆ ಮುಖವಾಡ ಕಟ್ಟಿ ಸೀರೆ ಉಡಿಸಬೇಕಾದರೆ ಅಡಿಯಲ್ಲಿ ಮೈ ಎಂದು ಏನಾದರೂ ಬೇಕಲ್ಲ, ನಮ್ಮಲ್ಲಿ ಅದಕ್ಕೆ ಹಿತ್ತಾಳೆ ಬಿಂದಿಗೆ. ಆ ಬಿಂದಿಗೆ ತಳ ಸೋರುತ್ತದೆಂದು ಬೆಸುಗೆಗೆ ಕೊಟ್ಟಿದ್ದೆ. ಹಬ್ಬದ ಹಿಂದಿನ ದಿನವೂ ಅಂಗಡಿಯವನು, "ನಾಳೆ ಕಣಕ್ಕ" ಎಂದ. ನಾಳೆ ಎಂದರೆ ಹಬ್ಬವೇ! ಸ್ಟೀಲಿನ ಕೊಡಕ್ಕೆ ಉಡಿಸಿದರೆ ಸೀರೆ ಜಾರಿತು. ಅಕ್ಕಿ ಡಬ್ಬಕ್ಕೆ ಉಡಿಸಿದರೆ ತಾಯಿ ಚೌಕವಾಗಿ ಕಂಡಳು. ಅಳು ಬರುವ ಹಾಗಾಗಿ, ಇನ್ನೇನಾದರೂ ಸಿಕ್ಕೀತೇ ಎಂದು ಅಟ್ಟ ಹತ್ತಿ ಹಂಡೆ ಸರಿಸಿದರೆ, ಅಡಿಯಲ್ಲಿ ಚೀಲ. ಗುಂಡಗೆ, ಗಟ್ಟಿಯಾಗಿ, ಸೀರೆ ಉಡಲೆಂದೇ ಹುಟ್ಟಿದ ಹಾಗೆ.

ಅರಿಶಿನದ ನೀರು ಚಿಮುಕಿಸಿದೆ. ಮಣೆಯ ಮೇಲೆ ನಿಲ್ಲಿಸಿದೆ. ಮೇಲೆ ತಟ್ಟೆ, ತಟ್ಟೆಯ ಮೇಲೆ ಕಳಸ, ಅಲುಗದ ಹಾಗೆ ದಾರದ ಕಟ್ಟು. ಹಸಿರು ರೇಷ್ಮೆ ಸೀರೆ ಸುತ್ತಿ ನೆರಿಗೆ ಹಿಡಿದರೆ ಒಂದು ನೆರಿಗೆಯೂ ಜಾರಲಿಲ್ಲ. ಸೊಂಟದ ಹತ್ತಿರ ಡಾಬು ಕಟ್ಟಿ ಬಿಗಿದರೆ ಅಲ್ಲಿ ಒಳಗೆ ಹೋಗಿ, ಮೇಲೆ ಕೆಳಗೆ ತುಂಬಿಕೊಂಡಿತು. ಬಿಂದಿಗೆಗೆ ಇಷ್ಟು ವರ್ಷದಲ್ಲಿ ಬಾರದ ಸೊಂಟ! ಸಂಜೆ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಕಣ್ಣರಳಿಸಿದರು. "ಈ ಸಲ ನಿಮ್ಮನೆ ಲಕ್ಷ್ಮಿ ಮೈಕೈ ತುಂಬ್ಕೊಂಡು ಹೆಂಗವಳೆ ನೋಡ್ರಿ! ಏನ್ ಹಾಕಿದ್ದೀರ್ರೀ ಒಳಗೆ?" ಎಂದರು. ನಾನು ಕೋಸಂಬರಿ ಹಂಚುತ್ತಾ, "ಎಲ್ಲ ತಾಯಿಯ ಇಚ್ಛೆ" ಎಂದೆ. ಅದು ಸುಳ್ಳೇನಲ್ಲವಲ್ಲ?

ಹಬ್ಬ ಮುಗಿಯಿತು. ಕಳಸದ ಅಡಿಯ ಅಕ್ಕಿ ಪಾಯಸವಾಯಿತು, ತೆಂಗಿನಕಾಯಿ ಒಬ್ಬಟ್ಟಾಯಿತು, ನೀರು ಗಿಡದ ಬುಡಕ್ಕೆ ಹೋಯಿತು. ಚೀಲವನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಳದಿ ಬಟ್ಟೆಯಲ್ಲಿ ಸುತ್ತಿ, ಕೈಮುಗಿದು, ಅಟ್ಟಕ್ಕೇ ಏರಿಸಿದೆ. ಈ ಸಲ ಮೇಲೆ ಹಂಡೆ ಇಡಲಿಲ್ಲ, ಭಯವಾಯಿತು.

ಕಾರ್ತಿಕ ಬಂತು. ಚೈತ್ರ ಫೋನು ಮಾಡಿದವಳು ಅಜ್ಜಿಯನ್ನು ಮಾತಾಡಿಸಿ, ಅವರು ಅಮಾವಾಸ್ಯೆ ಯಾವಾಗ ಎಂದು ಎರಡೆರಡು ಸಲ ಕೇಳಿದ್ದನ್ನು ಗಮನಿಸಿದಳು. ಫೋನು ನನ್ನ ಕೈಗೆ ಬಂದಾಗ, "ಅಮ್ಮ, ನನ್ನ ಹಳೇ ಬ್ಯಾಗಿದೆಯಲ್ಲ? ನಾವು ಅದ್ರಲ್ಲಿ ಬಂಡೆ ಮೇಲೆ ಇಬ್ಬನೀಲಿ ಮಲಗಿದ್ದೀವಿ. ಅಡಿಗೆ ಒಂದು ದಪ್ಪ ಚಾಪೆ ಹಾಕಿದ್ರೆ ಅಜ್ಜಿ ಆರಾಮಾಗಿ ಮಲಗ್ಬಹುದು. ಕರ್ಕೊಂಡ್ ಹೋಗು" ಎಂದಳು.

ಫೋನು ಕೆಳಗಿಟ್ಟೆ. ಯಾವುದರಲ್ಲಿ ಜಗದಂಬೆ ಕೂತಿದ್ದಳೋ ಅದರೊಳಗೆ ಕಾಲು ಹಾಕುವುದೇ? ಕುಂಕುಮದ ಕಲೆ ಇನ್ನೂ ಅದರ ಮೇಲಿದೆ. ಅತ್ತೆಯ ಆಸೆ ಒಂದು ಕಡೆ, ಅಪಚಾರ ಒಂದು ಕಡೆ. ಇಡೀ ಬೆಳಿಗ್ಗೆ ನನ್ನ ಕೈ ಕೆಲಸದ ಮೇಲೆ ನಿಲ್ಲಲಿಲ್ಲ, ಉಪ್ಪಿಟ್ಟಿಗೆ ಉಪ್ಪು ಹಾಕಲಿಲ್ಲ. ಅತ್ತೆ ಒಂದು ತುತ್ತು ತಿಂದು ನನ್ನ ಮುಖ ನೋಡಿದರು.

"ಏನೇ ಗಿರಿಜಾ, ಏನಾಯ್ತೆ?"

ಎಲ್ಲ ಹೇಳಿದೆ. ಬಿಂದಿಗೆ, ಬೆಸುಗೆ, ಅಕ್ಕಿ ಡಬ್ಬ, ಚೀಲ, ಸೊಂಟ. ಅವರು ಹಬ್ಬದ ದಿನ ಆ ಲಕ್ಷ್ಮಿಗೆ ತಾವೇ ಆರತಿ ಎತ್ತಿದವರು, ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಆಮೇಲೆ ಹೊಟ್ಟೆ ಕುಣಿಯುವಂತೆ ನಗತೊಡಗಿದರು. "ಅದಕ್ಕೇ ಅಂಗೆ ಎದ್ದು ಕಾಣ್ತಿದ್ಲಾ ಅವ್ಳು!"

"ನಗಬೇಡಿ ಅತ್ತೆ. ತಾಯಿ ಇದ್ದ ಜಾಗಕ್ಕೆ ಹೆಂಗೆ ಕಾಲು ಹಾಕೋದು?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಲ್ಲ ಕಣೇ, ನಿಮ್ಮವ್ವನ ಹೊಟ್ಟೇಲಿದ್ದಾಗ ನಿನ್ನ ಕಾಲು ಎಲ್ಲಿ ಮಡಗಿದ್ದೆ? ಆಚೆ ಬುಟ್ಟು ಹೋಗಿದ್ಯಾ?"

ನಾನು ತಲೆಯೆತ್ತಿ ಅಟ್ಟದ ಕಡೆ ನೋಡಿದೆ.

"ಲಕ್ಷ್ಮೀನೂ ತಾಯೀನೇ ತಾನೆ. ತಾಯಿ ಒಳಗೆ ಮಕ್ಕಳ ಕಾಲು ಇರದೆ ಇನ್ನೆಲ್ಲಿರ್ತದೆ? ಹೋಗು, ಇಳಿಸ್ಕೊಂಡ್ ಬಾ. ಆಮೇಲೆ ಈ ಉಪ್ಪಿಟ್ಟಿಗೊಂಚೂರು ಉಪ್ಪು ಹಾಕು."

ಇಳಿಸಿ ಬಿಚ್ಚಿದೆವು. ಅಷ್ಟು ದಿನ ಒತ್ತಿಸಿಕೊಂಡ ಚೀಲ ಹಪ್ಪಳವಾಗಿತ್ತು. ಒಳಗಿನ ಹತ್ತಿ ಅಲ್ಲಲ್ಲಿ ಗಂಟು ಕಟ್ಟಿ, ಉಳಿದ ಕಡೆ ಬರೀ ಬಟ್ಟೆಯಂತೆ ಕೈಗೆ ಸಿಗುತ್ತಿತ್ತು. ವಿಡಿಯೋ ಕಾಲಿನಲ್ಲಿ ನೋಡಿದ ಚೈತ್ರ ಹಣೆ ಚಚ್ಚಿಕೊಂಡಳು. "ಅಮ್ಮಾ, ಅದು ಹುಣಸೆಹಣ್ಣಾ? ಒಳಗೆ ಗಾಳಿ ನಿಂತ್ರೇನೇ ಬೆಚ್ಚಗಿರೋದು. ಈಗ ದಿನಾ ಬಿಸಿಲಿಗೆ ಹರವು, ಕೈಯಲ್ಲಿ ಮೆತ್ತಗೆ ಕೊಡವು. ಕೋಲಲ್ಲಿ ಬಡೀಬೇಡ ಮತ್ತೆ!" ನಾನಾಗಲೇ ಹಾಸಿಗೆ ಬಡಿಯುವ ಕೋಲು ಹಿಡಿದು ನಿಂತಿದ್ದೆ, ಬೆನ್ನ ಹಿಂದೆ ಮುಚ್ಚಿಕೊಂಡೆ.

ಪಕ್ಕದ ಮನೆಯ ಶಮೀಮ್ ರವಿಕೆ ಹೊಲಿಯುವವಳು, ಶಿರಾ ಹೆಣ್ಣು. ಸಡಿಲವಾಗಿ ಇಡಲು ಒಂದು ದೊಡ್ಡ ಚೀಲ ಹೊಲಿದುಕೊಡು ಎಂದು ಹಳೆಯ ಪಂಚೆ ಕೊಟ್ಟೆ. "ಅರೇ ಗಿರಿಜಕ್ಕ, ಯಾರಿಗೆ ರವಿಕೆ ಇದು, ಬೆಟ್ಟಕ್ಕಾ?" ಎಂದು ನಕ್ಕಳು. ಅವಳ ತಾತ ಶಿರಾದಲ್ಲಿ ಬಿಲ್ಲು ಮೀಟಿ ಹತ್ತಿ ಎಕ್ಕಿ, ಅದರ ಗಂಟು ಬಿಡಿಸಿ ಹಗುರ ಮಾಡುತ್ತಿದ್ದವರಂತೆ. ಆ ಸದ್ದಿಗೆ ಮಕ್ಕಳೆಲ್ಲ ಕುಣಿಯುತ್ತಿದ್ದರಂತೆ, ಎಲ್ಲರ ಮೂಗಿನ ತುದಿಗೂ ಹತ್ತಿಯ ಎಳೆ ಅಂಟಿರುತ್ತಿತ್ತಂತೆ. ಹೊಲಿಯಲು ಬಂದವಳು ಮಹಡಿಯ ಮೇಲೆ ನನ್ನ ಜೊತೆ ಕೂತು ಗಂಟು ಬಿಡಿಸತೊಡಗಿದಳು. ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟು ಒಂದು ಮೂಲೆ ಹಿಡಿದರು. ಮೂವರೂ ಹರಟುತ್ತಾ, ಕೂಸಿಗೆ ಎಣ್ಣೆ ನೀವುವ ಹಾಗೆ ಆ ಚೀಲವನ್ನು ನೀವಿದೆವು. ದಿನ ಕಳೆದಂತೆ ಅದು ನಿಧಾನಕ್ಕೆ ಉಸಿರು ತುಂಬಿಕೊಂಡಿತು. ಅಂಥ ಬೆಚ್ಚನೆಯ ಬಿಸಿಲನ್ನು ಆ ವಾರವೆಲ್ಲ ಕೊಟ್ಟ ದೇವರಿಗೆ ಇನ್ನೊಂದು ನಮಸ್ಕಾರ.

ಆಗ ನನಗೆ ಕೊಳಾಲದ ಕಣ ನೆನಪಾಯಿತು. ರಾಗಿ ಒಕ್ಕಣೆಯ ಕಾಲದಲ್ಲಿ ಅಪ್ಪನ ಜೊತೆ ಕಣದಲ್ಲೇ ಮಲಗುವ ಹಟ ನನ್ನದು. ಚಳಿಗೆ ಹಲ್ಲು ಕಟಕಟ ಎಂದರೆ ಅಪ್ಪ ಖಾಲಿ ಗೋಣಿಚೀಲ ತಂದು ನನ್ನ ಕಾಲನ್ನು ಅದರೊಳಗೆ ತೂರಿಸಿ, ಸೊಂಟದವರೆಗೆ ಎಳೆದು, "ಈಗ ನೀನೊಂದು ರಾಗಿ ಮೂಟೆ" ಎನ್ನುತ್ತಿದ್ದರು. ಚುಚ್ಚುತ್ತಿತ್ತು, ಆದರೂ ಆ ಬಿಸುಪೇ ಬೇರೆ. ಮದುವೆಯಾದ ಮೇಲೆ ಯಾರೂ ನನ್ನ ಕಾಲನ್ನು ಹಾಗೆ ಮುಚ್ಚಿದ್ದಿಲ್ಲ. ಮುಚ್ಚುವವಳು ನಾನೇ ಆದೆನಲ್ಲ.

ಉಳಿದದ್ದು ಯಜಮಾನರ ಒಪ್ಪಿಗೆ. ಅವರು ಚೀಲದ ಸುತ್ತ ಒಂದು ಸುತ್ತು ಬಂದು, ಹಣ್ಣಿನ ಮೂಟೆಗೆ ಕೈ ಹಾಕುವ ಹಾಗೆ ಅಲ್ಲಲ್ಲಿ ಒತ್ತಿ, "ಮೊದ್ಲು ನಾನು ನೋಡ್ತೀನಿ" ಎಂದು ಒಳಗೆ ತೂರಿದರು. ಅವರ ಹೊಟ್ಟೆ ನಿಮಗೆ ಗೊತ್ತಿಲ್ಲ. ಜಿಪ್ಪು ಎದೆಯವರೆಗೆ ಬಂದು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅದೇ ಹೊತ್ತಿಗೆ ಬರುವ ಬೇಸಿಗೆಯ ಹಣ್ಣಿನ ವ್ಯಾಪಾರಕ್ಕೆಂದು ದೊಡ್ಡೇರಿಯ ರೈತರೊಬ್ಬರು ಬಾಗಿಲಲ್ಲಿ, "ಸಾವ್ಕಾರ್ರು ಅವ್ರಾ?" ಎಂದರು.

"ಇದ್ದಾರೆ, ಆದರೆ ಏಳೋ ಹಂಗಿಲ್ಲ" ಎಂದೆ.

"ಅಯ್ಯೋ, ಮೈಗುಸಾರಿಲ್ವಾ?" ಎಂದು ಅವರು ಗಾಬರಿಯಿಂದ ಒಳಗೇ ಬಂದುಬಿಟ್ಟರು. ನೆಲದ ಮೇಲೆ ತಲೆ, ಭುಜ ಮಾತ್ರ ಹೊರಗಿದ್ದ ಸಾಹುಕಾರರು ಇದ್ದಷ್ಟು ಗಾಂಭೀರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡು, "ಕೂತ್ಕೊಳ್ಳಿ, ಈ ಸಲ ಮರದಲ್ಲಿ ಕಾಯಿ ಹೆಂಗೈತೆ?" ಎಂದರು. ಬೆವರು ಹಣೆಯಿಂದ ಇಳಿಯುತ್ತಿತ್ತು. ನಾನು ಮೇಣದಬತ್ತಿ ತಂದು ಜಿಪ್ಪಿಗೆ ಉಜ್ಜಿದೆ. ಅತ್ತೆ ಕುರ್ಚಿಯಿಂದಲೇ ಕೂಗಿದರು, "ಎಳೀಬ್ಯಾಡ ಕಣ್ಲಾ, ಹರಿದ್ಗಿರಿದೀಯಾ! ಉಸಿರು ಒಳಕ್ಕೆಳ್ಕೊ!" ರೈತರೂ ಒಂದು ಕೈ ಹಚ್ಚಿದರು. ಹೊರಗೆ ಬಂದ ಯಜಮಾನರು ಮುಖ ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟರು: "ಒಲೆ ಇದ್ದಂಗೈತೆ. ಅವ್ವನ್ನ ಕರ್ಕೊಂಡ್ ಹೋಗು. ಆದ್ರೆ ಎದೆಗೇನಾದ್ರೂ ಆದ್ರೆ ನಿಂದೇ ಹೊಣೆ."

ನನ್ನದೇ ಹೊಣೆ. ಆ ಮಾತನ್ನು ಚೀಲಕ್ಕಿಂತ ಭಾರವಾಗಿ ಹೊತ್ತುಕೊಂಡೇ ಅಮಾವಾಸ್ಯೆಯ ಮಧ್ಯಾಹ್ನ ಕಾರು ಹತ್ತಿದೆ. ಗುಡ್ಡ ಕಂಡದ್ದೇ ಅತ್ತೆ ಕಿಟಕಿಗೆ ಹಣೆ ತಾಗಿಸಿದರು. ಇಳಿದವರು ನನ್ನ ಕೈ ಬಿಟ್ಟು ತಾವೇ ಮಂಟಪದ ಮೆಟ್ಟಿಲು ಹತ್ತಿ, ಎಡಗಡೆಯ ಮೂಲೆಯ ಕಂಬವನ್ನು ಅಂಗೈಯಿಂದ ಸವರಿದರು. "ಇದೇ ಕಣೇ ನನ್ನ ಜಾಗ. ಇಲ್ಲಿಂದ ದೀಪ ಕಾಣ್ತದೆ." ನಿಜ, ಅಲ್ಲಿ ಕೂತರೆ ಗರ್ಭಗುಡಿಯ ನಂದಾದೀಪ ನೇರ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಬಂದು ಕೈಮುಗಿದು ಹೋಗುವವರಿಗೆ ಅದು ತಿಳಿಯುವುದಿಲ್ಲ. ಮಲಗಿ ನೋಡುವವರಿಗೇ ಆ ದೀಪ.

ಪ್ರಸಾದವಾದ ಮೇಲೆ ದಪ್ಪ ಚಾಪೆ ಹಾಸಿ ಚೀಲ ಬಿಚ್ಚಿದೆ. ಅದು ಸಣ್ಣ ಚೀಲದಿಂದ ಹೊರಬಂದು ಉಬ್ಬುತ್ತಾ ಹೋದ ಹಾಗೆ ಸುತ್ತಲಿನ ಹೆಂಗಸರು ಹತ್ತಿರ ಸರಿದರು. ಅತ್ತೆ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಆಮೇಲೆ ಕಾಲಿಟ್ಟರು. ಜಿಪ್ಪು ಎಳೆದೆ. ಆಂಧ್ರದ ಗಡಿಯ ಊರಿನ ಅಜ್ಜಿಯೊಬ್ಬರು ಬಗ್ಗಿ ನೋಡಿ, "ಏಮಮ್ಮಾ, ಮೂಟೆ ಕಟ್ಟಿಬುಟ್ಟಿದ್ದೀಯಲ್ಲ ಅತ್ತೇನ! ಉಸಿರಾಡ್ತದಾ ಒಳಗೆ?" ಎಂದರು.

"ನಿಂಗೂ ಬೇಕೇನಕ್ಕ?" ಎಂದು ಮೂಟೆಯೊಳಗಿಂದ ಅತ್ತೆಯೇ ಉತ್ತರ ಕೊಟ್ಟರು. "ಸೊಸೆ ಬೇಕು ಅದಕ್ಕೆ, ಅಂಗಡೀಲಿ ಸಿಗಲ್ಲ."

ಮಂಟಪವೆಲ್ಲ ನಕ್ಕಿತು. ನಾನು ಕತ್ತಲ ಕಡೆ ತಿರುಗಿಕೊಂಡೆ. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು, ಅದೂ ಇನ್ನೊಬ್ಬರಿಗೆ ಹೇಳುವ ನೆಪದಲ್ಲಿ.

ನಾನು ಕಂಬಳಿ ಹೊದ್ದು ಪಕ್ಕದಲ್ಲಿ ಮಲಗಿದ್ದು ಹೆಸರಿಗೆ. ಎಚ್ಚರವಾದಾಗಲೆಲ್ಲ ಅವರ ಉಸಿರಿಗೆ ಕಿವಿ ಕೊಟ್ಟೆ, ಕೆಮ್ಮು ಬಂದೀತೇ ಎಂದು ಕಾದೆ. ಬರಲಿಲ್ಲ. ಬೆಳಗಿನ ಬೆಳಕು ಗುಡ್ಡದ ನೆತ್ತಿಗೆ ಹತ್ತಿದಾಗ ಹಣೆ ಮುಟ್ಟಿದರೆ ಬೆಚ್ಚಗೆ, ಹದವಾಗಿ. ಅತ್ತೆ ಆಗಲೇ ಕಣ್ಣು ಬಿಟ್ಟು ದೀಪ ನೋಡುತ್ತಿದ್ದರು.

"ಎದೆ ಹೆಂಗಿದೆ ಅತ್ತೆ?"

"ಇರೋ ಜಾಗದಲ್ಲೇ ಐತೆ. ಇನ್ನೊಂದು ಗಳಿಗೆ ಬುಡೇ, ಎಬ್ಬಿಸ್ಬ್ಯಾಡ."

ಅಭಿಷೇಕದ ನೀರು ತರುವ ಹೊತ್ತಿಗೆ ಎದ್ದರು. ಮುಖ ತೊಳೆದು, ವಿಭೂತಿ ಇಟ್ಟು ಬಂದರು. ನಾನು ಚೀಲ ತುಂಬಲು ಬಾಗಿದ್ದೆ. ಮಗಳು ಹೇಳಿದ್ದು ನೆನಪಾಯಿತು. ಮೈಯ ಬಿಸಿ, ಉಸಿರಿನ ತೇವ ಆರುವ ಮೊದಲು ತುರುಕಬಾರದಂತೆ, ಸ್ವಲ್ಪ ಹೊತ್ತು ಹಾಗೆಯೇ ಬಿಡಬೇಕಂತೆ. ಕೈ ತಡೆದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ನಿದ್ದೆ ಮಾಡ್ಲಿಲ್ಲ ನೀನು. ನಂಗೊತ್ತು. ಆರೋವರ್ಗೂ ಸುಮ್ಕೆ ಯಾಕಿರ್ಬೇಕು, ತೂರ್ಕೊ ಒಳಗೆ."

"ಅಯ್ಯೋ ಅತ್ತೆ, ಪೂಜೆ ಹೊತ್ತು..."

"ಮಲ್ಲಯ್ಯ ಎಲ್ಲೂ ಹೋಗಾಕಿಲ್ಲ. ನಾನು ಕೂಗ್ತೀನಿ. ತೂರ್ಕೊ ಅಂದೆ."

ಸುತ್ತ ನೋಡಿದೆ. ಎಲ್ಲರ ಕಣ್ಣೂ ಗರ್ಭಗುಡಿಯ ಕಡೆ. ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಾಯೇ ಎಂದು, ಒಳಗೆ ಸರಿದೆ. ಕಾಲನ್ನು ಮಾತ್ರ ಹಾಗೇ ಮಡಚಿ, ಮಂಡಿ ಎದೆಗೆ ಒತ್ತಿಕೊಂಡಿದ್ದೆ. ಅತ್ತೆ ಬಗ್ಗಿ, ಜಿಪ್ಪು ಹಿಡಿದು, ನನ್ನ ಸೊಂಟದವರೆಗೆ, ಆಮೇಲೆ ಭುಜದವರೆಗೆ ಎಳೆದರು. ಅಲ್ಲೇ ನನ್ನ ತಲೆಯ ಹತ್ತಿರ ಕಂಬಕ್ಕೊರಗಿ ಕೂತರು. ಗುಡಿಯ ಗಂಟೆ ಮೊಳಗಿತು. ಮಡಚಿದ್ದ ಕಾಲನ್ನು ಮೆಲ್ಲಗೆ ಕೆಳಗೆ ಬಿಟ್ಟೆ. ತಳದಲ್ಲಿ ಅತ್ತೆಯ ಪಾದ ಬಿಟ್ಟುಹೋದ ಬಿಸಿ ಇನ್ನೂ ಆರಿರಲಿಲ್ಲ. ಅದು ಸಿಗುವವರೆಗೂ ಕಾಲು ಚಾಚಿದೆ.